ಮಕ್ಕಳು ಅಡುಗೆಮನೆಯಿಂದ ಓಡಿಹೋಗದ ಹಾಗೆ ಮಾಡುವುದು ಹೇಗೆ?

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ 8 ವರ್ಷ, ಮಗನಿಗೆ 4. ಇಬ್ಬರಿಗೂ ಅಡುಗೆ ಕಲಿಸಬೇಕು ಅಂತ ಆಸೆ. ಕರೆದರೆ ಬರುತ್ತಾರೆ, ಐದು ನಿಮಿಷ ಇದ್ದು ಬೋರ್ ಅಂತ ಓಡಿಹೋಗುತ್ತಾರೆ. ಇದ್ದಷ್ಟು ಹೊತ್ತೂ ಹಿಟ್ಟು ಚೆಲ್ಲುವುದು, ಜಗಳ ಆಡುವುದು. ಮಗನಂತೂ ತರಕಾರಿ ಮುಟ್ಟುವುದೇ ಇಲ್ಲ. ಚಾಕು, ಬೆಂಕಿ ಅಂದರೆ ನನಗೇ ಭಯ. ಅವರಿಗೆ ಮಜಾ ಬರುವ ಹಾಗೆ ಅಡುಗೆಗೆ ಸೇರಿಸಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ. ಕರೆದಾಗ ಅವರ ಕೈಗೆ ಏನು ಕೆಲಸ ಕೊಟ್ಟಿದ್ದಿರಿ? ನಾನು ಮಕ್ಕಳಿಗೆ ಅಡುಗೆ ಹೇಳಿಕೊಡುತ್ತೇನೆ. ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುತ್ತಾ ಹೋದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ. ದೊಡ್ಡವರು ಅಡುಗೆ ಮಾಡುತ್ತಾರೆ, ಮಗು ಪಕ್ಕದಲ್ಲಿ ನಿಂತು ನೋಡುತ್ತದೆ, ನಡುವೆ ಒಂದು ಸಲ 'ಬಾ, ಸ್ವಲ್ಪ ಕದಡು' ಅಂತ ಸೌಟು ಕೊಟ್ಟು, ಎರಡು ಸುತ್ತು ಆಗುವಷ್ಟರಲ್ಲಿ 'ಸಾಕು ಬಿಡು, ಚೆಲ್ಲುತ್ತೆ' ಅಂತ ವಾಪಸ್ ತೆಗೆದುಕೊಳ್ಳುತ್ತಾರೆ. ಇಷ್ಟಕ್ಕೆ ಯಾವ ಮಗು ತಾನೇ ನಿಲ್ಲುತ್ತದೆ ಹೇಳಿ?

ಮಕ್ಕಳಿಗೆ ಮಜಾ ಬರುವುದು ಕೆಲಸ ತಮ್ಮದು ಅನಿಸಿದಾಗ. ಶುರು ಮಾಡಿದ್ದು ನಾನು, ಮುಗಿಸಿದ್ದು ನಾನು, ಆಮೇಲೆ ಎಲ್ಲರೂ ಕೂತು ತಿಂದದ್ದು ನಾನು ಮಾಡಿದ್ದನ್ನು! ಇದು ಸಿಕ್ಕರೆ ಅವರನ್ನು ಎಳೆದುಕೊಂಡು ಬರುವ ಕಷ್ಟ ನಿಮಗೆ ಇರುವುದಿಲ್ಲ. ಬಿಸ್ಕತ್ತಿನ ಮೇಲೆ ಬಣ್ಣದ ಸಕ್ಕರೆ ಉದುರಿಸುವುದು, ಹಣ್ಣಿನ ಹೋಳಲ್ಲಿ ಗೊಂಬೆ ಮುಖ ಮಾಡುವುದು, ಇದನ್ನೆಲ್ಲ ನಾನು ಬೇಡ ಅನ್ನುವುದಿಲ್ಲ. ಆದರೆ ಕಷ್ಟದ ಕೆಲಸವನ್ನೆಲ್ಲ ದೊಡ್ಡವರು ಮುಗಿಸಿ ತಮಗೆ ಅಲಂಕಾರ ಮಾತ್ರ ಬಿಟ್ಟಿದ್ದಾರೆ ಅನ್ನುವುದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಚಿಕ್ಕದಾದರೂ ಪರವಾಗಿಲ್ಲ, ಪೂರ್ತಿ ಕೆಲಸ ಕೊಡಿ.

ನಾನು ಮೊದಲ ದಿನ ಮಾಡಿಸುವುದು ಬೆಣ್ಣೆ. ಬೆಂಕಿ ಬೇಡ, ಚಾಕು ಬೇಡ, 4 ವರ್ಷದವನಿಗೂ ಆಗುತ್ತದೆ, 8 ವರ್ಷದವಳಿಗೂ ಬೋರ್ ಆಗುವುದಿಲ್ಲ. ಕೊಬ್ಬಿನ ಅಂಶ ನೂರಕ್ಕೆ 30ಕ್ಕಿಂತ ಜಾಸ್ತಿ ಇರುವ ಕ್ರೀಮ್ ಬೇಕು. ತೆಳು ಕ್ರೀಮ್ ಆದರೆ ಎಷ್ಟು ಕುಲುಕಿದರೂ ಏನೂ ಆಗುವುದಿಲ್ಲ, ಪ್ಯಾಕೆಟ್ ಮೇಲೆ ನೋಡಿಯೇ ತನ್ನಿ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ. ಬಿಗಿ ಮುಚ್ಚಳದ ಎರಡು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು, ಅರ್ಧಕ್ಕಿಂತ ಕಡಿಮೆ ತುಂಬಿಸಿ, ಇಬ್ಬರಿಗೂ ಒಂದೊಂದು ಕೊಟ್ಟು ಕುಲುಕಲು ಹೇಳಿ. ಡಬ್ಬಿಯೊಳಗೆ ಜಾಗ ಇರಲೇಬೇಕು, ಕ್ರೀಮ್ ಹೋಗಿ ಬಂದು ಬಡಿಯಬೇಕಲ್ಲ.

ಮೊದಲು ಕುಳುಕ್ ಕುಳುಕ್ ಸದ್ದು ಬರುತ್ತದೆ. ಕೆಲವು ನಿಮಿಷ ಆದ ಮೇಲೆ ಸದ್ದು ನಿಂತುಬಿಡುತ್ತದೆ. ಎಷ್ಟು ಅಲ್ಲಾಡಿಸಿದರೂ ಒಳಗೆ ಏನೂ ಓಡಾಡಿದ ಹಾಗೆ ಅನಿಸುವುದಿಲ್ಲ, ಡಬ್ಬಿಯ ಗೋಡೆಗೆಲ್ಲ ಬೆಳ್ಳಗೆ ಮೆತ್ತಿಕೊಂಡಿರುತ್ತದೆ. ಮಕ್ಕಳು 'ಆಯ್ತು, ಕೆಟ್ಟೋಯ್ತು' ಅನ್ನುವುದು ಇಲ್ಲೇ. ಕೆಟ್ಟಿಲ್ಲ, ಕ್ರೀಮಿನೊಳಗೆ ಗಾಳಿ ಸೇರಿ ಉಬ್ಬಿದೆ ಅಷ್ಟೆ. ಒಂದು ಬೆರಳು ಅದ್ದಿ ನೆಕ್ಕಲಿ, ಮತ್ತೆ ಮುಚ್ಚಳ ಹಾಕಿ ಕುಲುಕಲಿ. ಕೈ ಸೋತರೆ ಡಬ್ಬಿ ನಿಮಗೆ ಕೊಡಲಿ, ಒಂದು ಹಾಡು ಮುಗಿಯುವ ತನಕ ನೀವು ಕುಲುಕಿ ವಾಪಸ್ ಕೊಡಿ. ಆಮೇಲೆ ಇದ್ದಕ್ಕಿದ್ದ ಹಾಗೆ 'ಧಡ್' ಅಂತ ಒಂದು ಉಂಡೆ ಬಡಿದ ಸದ್ದು ಬರುತ್ತದೆ, ಜೊತೆಗೆ ನೀರಿನ ಸದ್ದು. ಬೆಣ್ಣೆ ಬೇರೆ, ಮಜ್ಜಿಗೆ ಬೇರೆ! ಒಟ್ಟು 10ರಿಂದ 15 ನಿಮಿಷದ ಕೆಲಸ, ಚಿಕ್ಕ ಕೈಗಳಾದರೆ ಇನ್ನೂ ಸ್ವಲ್ಪ ಜಾಸ್ತಿ.

ಮಗಳು 'ಯಾಕೆ ಹೀಗಾಯ್ತು' ಅಂತ ಕೇಳೇ ಕೇಳುತ್ತಾಳೆ. ಹೇಳಿ: ಕ್ರೀಮಿನಲ್ಲಿ ಕೊಬ್ಬು ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿಗಳಾಗಿ ಇರುತ್ತದೆ, ಪ್ರತಿ ಹನಿಯ ಸುತ್ತ ತೆಳ್ಳಗೆ ಒಂದು ಪೊರೆ ಇರುತ್ತದೆ, ಅದು ಇರುವ ತನಕ ಹನಿಗಳು ಒಂದಕ್ಕೊಂದು ಅಂಟುವುದಿಲ್ಲ. ನೀನು ಕುಲುಕಿ ಕುಲುಕಿ ಆ ಪೊರೆ ಹರಿದೆ, ಎಲ್ಲ ಸೇರಿ ಉಂಡೆಯಾಯಿತು. ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆಸಿ. ಮಜ್ಜಿಗೆ ಉಳಿದರೆ ಬೇಗ ಹುಳಿ ಬರುತ್ತದೆ. ಚಿಟಿಕೆ ಉಪ್ಪು ಬೆರೆಸಿ ಬ್ರೆಡ್ಡಿಗೆ ಸವರಿ ಅವರೇ ಎಲ್ಲರಿಗೂ ಹಂಚಲಿ.

ಜಗಳದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎರಡು ಡಬ್ಬಿ ಅಂದದ್ದು ಅದಕ್ಕೇ. ಒಂದು ಬೋಗುಣಿ, ಒಂದು ಚಮಚ, ಇಬ್ಬರು ಮಕ್ಕಳು ಅಂದರೆ ಜಗಳ ಗ್ಯಾರಂಟಿ. 'ಹಂಚಿಕೊಳ್ಳಿ' ಅನ್ನುವ ಪಾಠ ಬೇರೆ ದಿನ ಮಾಡಬಹುದು. ಅಡುಗೆ ಹೊತ್ತಲ್ಲಿ ಇಬ್ಬರಿಗೂ ಬೇರೆ ಪಾತ್ರೆ, ಇಲ್ಲವೇ ಬೇರೆ ಬೇರೆ ಕೆಲಸ. ಸೊಪ್ಪು ತೊಳೆದು ಕೈಯಲ್ಲಿ ಹರಿಯುವುದು, ಬಟಾಣಿ ಸುಲಿಯುವುದು, ಬೆಂದ ಆಲೂಗಡ್ಡೆ ಕಿವುಚುವುದು ಮಗನಿಗೆ. ಅಳತೆ, ಓದಿ ಹೇಳುವುದು, ಹೆಚ್ಚುವುದು ಮಗಳಿಗೆ. ಇನ್ನೊಂದು ಮಾತು, ಅಕ್ಕನನ್ನು ತಮ್ಮನಿಗೆ ಟೀಚರ್ ಮಾಡಬೇಡಿ. ಅವಳಿಗೂ ಕಲಿಯುವ ಖುಷಿ ಬೇಕು, ಅವನ ಮೇಲೆ ಕಣ್ಣಿಡುವ ಹೊರೆ ಯಾಕೆ?

ಅಳತೆಯಲ್ಲೇ ಒಳ್ಳೆ ಆಟ ಇದೆ. ಮನೆಯಲ್ಲಿ ಅಡುಗೆ ತೂಕದ ಯಂತ್ರ ಇದ್ದರೆ ಮಗಳಿಗೆ ಹೇಳಿ, ಕಣ್ಣಳತೆಯಲ್ಲಿ 100 ಗ್ರಾಂ ಹಿಟ್ಟು ತೆಗೆ ನೋಡೋಣ ಅಂತ. ನೀವೂ ತೆಗೆಯಿರಿ, ಯಾರದ್ದು ಹತ್ತಿರ ಬಂತು ನೋಡಿ. ಕಾಲು ಕಪ್ ಮಾತ್ರ ಕೊಟ್ಟು ಒಂದೂವರೆ ಕಪ್ ಹಿಟ್ಟು ಬೇಕು ಅನ್ನಿ, ಎಷ್ಟು ಸಲ ಅಳೆಯಬೇಕು ಅಂತ ಅವಳೇ ಲೆಕ್ಕ ಹಾಕಲಿ. ಇದನ್ನು ಗಣಿತದ ಪಾಠ ಅಂತ ಮಾತ್ರ ಹೇಳಬೇಡಿ, ಅಷ್ಟಕ್ಕೇ ಮಜಾ ಹೋಗುತ್ತದೆ.

ಎರಡನೆಯ ವಾರ ಬ್ರೆಡ್ ಹಿಟ್ಟು ನಾದಿಸಿ. ಹಿಟ್ಟು ನಾದುವುದು ಅಂದರೆ ಚಿಕ್ಕ ಮಕ್ಕಳಿಗೆ ಪ್ರಾಣ. ಗುದ್ದಬಹುದು, ಎಳೆಯಬಹುದು, ಮೇಜಿಗೆ ಬಡಿಯಬಹುದು, ಯಾರೂ ಬೈಯುವುದಿಲ್ಲ. ಕಷ್ಟ ಇರುವುದು ಆಮೇಲೆ ಕಾಯುವುದರಲ್ಲಿ. ಅದಕ್ಕೊಂದು ಉಪಾಯ ಇದೆ. ಹಿಟ್ಟಿನಿಂದ ಚಿಕ್ಕ ಉಂಡೆ ತೆಗೆದು ಉದ್ದನೆಯ ಲೋಟದ ತಳಕ್ಕೆ ಒತ್ತಿ, ಅದು ಇರುವ ಮಟ್ಟಕ್ಕೆ ಹೊರಗಡೆ ರಬ್ಬರ್ ಬ್ಯಾಂಡ್ ಹಾಕಿಸಿ. ಅಂಥದ್ದೇ ಇನ್ನೊಂದು ಲೋಟ ಮಾಡಿ ಫ್ರಿಜ್‌ನಲ್ಲಿಡಿ. ಒಂದು ಬೆಚ್ಚಗಿನ ಜಾಗದಲ್ಲಿ, ಒಂದು ತಣ್ಣಗಿನ ಜಾಗದಲ್ಲಿ. ಯಾವುದು ಮೊದಲು ಏರುತ್ತೆ ಅಂತ ಇಬ್ಬರೂ ಪಂದ್ಯ ಕಟ್ಟಲಿ. ಹೊರಗೆ ಆಡಿಕೊಂಡಿದ್ದವರು ತಾವಾಗಿಯೇ ಬಂದು ಬಂದು ಇಣುಕುತ್ತಾರೆ ನೋಡಿ. ಯೀಸ್ಟ್ ಒಂದು ಜೀವಿ, ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಗಾಳಿ ಬಿಡುತ್ತದೆ, ಆ ಗಾಳಿ ಹಿಟ್ಟಿನೊಳಗೆ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ, ಚಳಿಯಲ್ಲಿ ಅದು ನಿಧಾನ ಆಗುತ್ತದೆ ಅಂತ ಹೇಳಿ. ಕಲಸುವ ನೀರು ಉಗುರುಬೆಚ್ಚಗೆ, 35ರಿಂದ 40 ಡಿಗ್ರಿ ಇದ್ದರೆ ಸರಿ. ಕುದಿಯುವ ನೀರು ಹಾಕಿದರೆ ಯೀಸ್ಟ್ ಸತ್ತೇ ಹೋಗುತ್ತದೆ. ಉಬ್ಬಿದ ಹಿಟ್ಟಿನಿಂದ ಒಬ್ಬೊಬ್ಬರೂ ತಮ್ಮ ಉಂಡೆಗೆ ತಮಗೆ ಬೇಕಾದ ಆಕಾರ ಕೊಡಲಿ. ಹಾವು ಬರಲಿ, ಆಮೆ ಬರಲಿ. ಒಂದೇ ದಪ್ಪ ಇದ್ದರೆ ಒಂದೇ ಹದಕ್ಕೆ ಬೇಯುತ್ತದೆ ಅನ್ನುವುದನ್ನು ಮಾತ್ರ ಮೊದಲೇ ಹೇಳಿ, ಇಲ್ಲದಿದ್ದರೆ ಹಾವಿನ ಬಾಲ ಕರಟುತ್ತದೆ.

ಹಸಿ ಹಿಟ್ಟು ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ. ಹಸಿ ಮೊಟ್ಟೆ ಅಪಾಯ ಅಂತ ಎಲ್ಲರಿಗೂ ಗೊತ್ತು, ಆದರೆ ಹಸಿ ಹಿಟ್ಟಿನಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು ಅನ್ನುವುದು ಹಲವರಿಗೆ ಗೊತ್ತಿರುವುದಿಲ್ಲ. ಶುರು ಮಾಡುವ ಮುಂಚೆ ಒಮ್ಮೆ, ಹಸಿ ಮೊಟ್ಟೆ, ಹಿಟ್ಟು, ಮಾಂಸ ಮುಟ್ಟಿದ ಮೇಲೆ ಇನ್ನೊಮ್ಮೆ, ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಬೇಕು ಅನ್ನುವುದು ಎಲ್ಲರಿಗೂ ಇರುವ ರೂಲ್ ಆಗಲಿ, ನಿಮಗೂ ಸೇರಿ.

ಈಗ ತರಕಾರಿ. ನಿಮ್ಮ ಮಗ ಮೂಗು ಮುರಿಯುವುದರಲ್ಲಿ ವಿಶೇಷ ಏನೂ ಇಲ್ಲ. 2ರಿಂದ 6 ವರ್ಷದ ಒಳಗೆ ಹೊಸ ತಿಂಡಿ ಅಂದರೆ ಅನುಮಾನ ಪಡುವುದು ಮಕ್ಕಳ ಸಹಜ ಗುಣ. ಒಂದು ಸಲ ಬೇಡ ಅಂದ ತಕ್ಷಣ ಅವನಿಗೆ ಅದು ಸೇರುವುದಿಲ್ಲ ಅಂತ ತೀರ್ಮಾನ ಮಾಡಬೇಡಿ. ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಸಲ, ಒತ್ತಾಯ ಇಲ್ಲದೆ ಎದುರಿಗೆ ಬಂದ ಮೇಲೆ ರುಚಿ ಹತ್ತಬಹುದು. ತಟ್ಟೆಗೆ ಬರುವ ಮುಂಚೆ ಕೈಗೆ ಬಂದರೆ ಅರ್ಧ ಭಯ ಹೋಗುತ್ತದೆ. ಅದಕ್ಕೆ ಅಡುಗೆಮನೆಗಿಂತ ಒಳ್ಳೆ ಜಾಗ ಇಲ್ಲ. ತೊಳೆಯಲಿ, ಮೂಸಲಿ, ಮುರಿದಾಗ ಟಕ್ ಅನ್ನುವ ಸದ್ದು ಕೇಳಲಿ. ತಿನ್ನು ಅಂತ ಮಾತ್ರ ಹೇಳಬೇಡಿ. ಇದೊಂದನ್ನು ಬಿಗಿಯಾಗಿ ಹಿಡಿದುಕೊಳ್ಳಿ ಅಂತ ಎಲ್ಲ ಅಪ್ಪ ಅಮ್ಮಂದಿರಿಗೂ ಕೇಳಿಕೊಳ್ಳುತ್ತೇನೆ. 'ನೀನೇ ಹೆಚ್ಚಿದ್ದಲ್ವಾ, ಈಗ ತಿನ್ನು' ಅಂದರೆ ಮುಂದಿನ ವಾರ ಅವನು ಹೆಚ್ಚಲೂ ಬರುವುದಿಲ್ಲ.

ನೇರಳೆ ಬಣ್ಣದ ಎಲೆಕೋಸು ಸಿಕ್ಕರೆ ಒಂದು ಸಲ ತನ್ನಿ. ಎಲೆಗಳನ್ನು ಮಗ ಹರಿದು ಬೋಗುಣಿಗೆ ಹಾಕಲಿ, ನೀವು ಬಿಸಿ ನೀರು ಸುರಿದು ಆರಲು ಬಿಡಿ. ನೀರು ನೇರಳೆಯಾಗುತ್ತದೆ. ಅದನ್ನು ಮೂರು ಲೋಟಕ್ಕೆ ಹಾಕಿ, ಒಂದಕ್ಕೆ ನಿಂಬೆರಸ ಹಿಂಡಲಿ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಲಿ, ಮೂರನೆಯದು ಹಾಗೇ ಇರಲಿ. ನಿಂಬೆ ಹಾಕಿದ್ದು ಗುಲಾಬಿ ಆಗುತ್ತದೆ, ಸೋಡಾ ಹಾಕಿದ್ದು ನೀಲಿ, ಜಾಸ್ತಿ ಹಾಕಿದರೆ ಹಸಿರು. ಆ ಎಲೆಯಲ್ಲಿರುವ ಬಣ್ಣ ಹುಳಿಗೆ ಒಂದು ಥರ, ಕ್ಷಾರಕ್ಕೆ ಇನ್ನೊಂದು ಥರ ಬದಲಾಗುತ್ತದೆ. ಆಟ ಅಲ್ಲಿಗೇ ನಿಲ್ಲಬಾರದು. ಉಳಿದ ಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು, ನಿಂಬೆ ಹಾಕಿ ಅವನ ಕೈಯಲ್ಲೇ ಹಿಸುಕಿಸಿ. ಕೈಯಲ್ಲೇ ಗುಲಾಬಿ ಬಣ್ಣ ಏರುತ್ತದೆ. ಅದು ಊಟದ ಮೇಜಿಗೆ ಹೋಗಲಿ, ಅವನೇ ಬಡಿಸಲಿ. ಅವನು ತಿಂದರೂ ಸರಿ, ತಿನ್ನದಿದ್ದರೂ ಸರಿ.

ರುಚಿಯ ಆಟ ಇನ್ನೊಂದು ಇದೆ, ಇದಕ್ಕೆ ಒಂದೇ ನಿಮಿಷ ಸಾಕು. ಸಕ್ಕರೆಗೆ ಸ್ವಲ್ಪ ದಾಲ್ಚಿನ್ನಿ ಪುಡಿ ಬೆರೆಸಿಡಿ. ಮಗು ಕಣ್ಣು ಮುಚ್ಚಿ, ಮೂಗು ಬಿಗಿಯಾಗಿ ಹಿಡಿದುಕೊಳ್ಳಲಿ, ನಾಲಿಗೆ ಮೇಲೆ ಒಂದು ಚಿಟಿಕೆ ಹಾಕಿ. ಏನು ಅಂತ ಕೇಳಿದರೆ 'ಸಕ್ಕರೆ' ಅನ್ನುತ್ತದೆ. ಈಗ ಮೂಗು ಬಿಡಲು ಹೇಳಿ, ಥಟ್ಟನೆ ದಾಲ್ಚಿನ್ನಿ ಬಂದುಬಿಡುತ್ತದೆ! ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಆಗುವುದಿಲ್ಲ. ಇದಾದ ಮೇಲೆ ಮಕ್ಕಳು ಎಲ್ಲವನ್ನೂ ಮೂಗು ಹಿಡಿದು ತಿಂದು ನೋಡಲು ಶುರು ಮಾಡುತ್ತಾರೆ, ತರಕಾರಿಯನ್ನೂ.

ಚಾಕುವಿನ ಭಯ ನನಗೆ ಅರ್ಥ ಆಗುತ್ತದೆ. ಆದರೆ ಚಾಕು ಬಚ್ಚಿಡುವುದಕ್ಕಿಂತ ಹಿಡಿಯುವುದನ್ನು ಕಲಿಸುವುದು ವಾಸಿ. ಮಗನಿಗೆ ಬೆಣ್ಣೆ ಸವರುವ ಚಾಕು, ಬಾಳೆಹಣ್ಣು. ಅಷ್ಟು ಸಾಕು. ಮಗಳಿಗೆ ಅವಳ ಕೈಗೆ ಹೊಂದುವ ಚಿಕ್ಕ ಚಾಕು ಕೊಡಿ, ಅದು ಚೂಪಾಗಿರಲಿ. ಮೊಂಡು ಚಾಕುವಿಗೆ ಜೋರಾಗಿ ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ, ಬೆರಳಿಗೆ ತಾಗುವುದು ಆಗಲೇ. ಹೆಚ್ಚುವ ಮಣೆ ಅಲ್ಲಾಡದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿ. ದುಂಡಗಿರುವ ತರಕಾರಿಯನ್ನು ನೀವು ಮೊದಲು ಅರ್ಧ ಮಾಡಿ, ಚಪ್ಪಟೆ ಭಾಗ ಕೆಳಗೆ ಬರುವ ಹಾಗೆ ಇಟ್ಟುಕೊಡಿ. ಹಿಡಿಯುವ ಬಗೆ ಎರಡು. ಒಂದು, ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಸೇತುವೆ ಮಾಡಿ ಹಿಡಿದು, ಅದರ ಕೆಳಗೆ ಚಾಕು ಹಾಯಿಸುವುದು. ಇನ್ನೊಂದು, ಬೆರಳ ತುದಿಗಳನ್ನು ಬೆಕ್ಕಿನ ಪಂಜದ ಹಾಗೆ ಒಳಗೆ ಮಡಚಿ ತರಕಾರಿ ಹಿಡಿದು ಹೆಚ್ಚುವುದು. ಸೇತುವೆ ಚೆನ್ನಾಗಿ ಬಂದ ಮೇಲೆ ಪಂಜ. ಹೆಚ್ಚುವಾಗ ಮಾತಾಡಿಸಬೇಡಿ, ಟಿವಿ ಹಚ್ಚಬೇಡಿ.

ಒಲೆ ಮಗಳಿಗೆ ಮಾತ್ರ, ನೀವು ಪಕ್ಕದಲ್ಲಿ ಇರುವಾಗ ಮಾತ್ರ. ಮಗ ಒಲೆಯಿಂದ ದೂರ ಇರಲಿ, ಅವನ ಜಾಗ ಎಲ್ಲಿ ಅಂತ ಮೊದಲೇ ತೋರಿಸಿಡಿ. ಬಾಣಲೆಯ ಹಿಡಿ ಒಳಮುಖವಾಗಿರಬೇಕು, ಆದಷ್ಟು ಹಿಂದಿನ ಬರ್ನರ್ ಬಳಸಿ, ಕೂದಲು ಕಟ್ಟಿರಲಿ, ತೋಳು ಮಡಚಿರಲಿ. ಮುಚ್ಚಳ ತೆಗೆಯುವಾಗ ತನ್ನಿಂದ ಆಚೆ ಕಡೆಗೆ ಎತ್ತಬೇಕು, ಹಬೆ ಮುಖಕ್ಕೆ ಬರಬಾರದು. ನೀರು ಕುದಿಯಲೇಬೇಕು ಅಂತಿಲ್ಲ, 60 ಡಿಗ್ರಿ ಬಿಸಿ ಇದ್ದರೂ ಮಕ್ಕಳ ತೆಳು ಚರ್ಮ ಕ್ಷಣದಲ್ಲಿ ಸುಡುತ್ತದೆ. ಹಾಗಾಗಿ ಬಿಸಿ ನೀರು ಬಸಿಯುವುದು, ಬಿಸಿ ಪಾತ್ರೆ ಎತ್ತುವುದು ಇನ್ನೂ ಕೆಲವು ವರ್ಷ ನಿಮ್ಮದೇ ಕೆಲಸ. ಒಂದು ವೇಳೆ ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಬಳೆ ಉಂಗುರ ಇದ್ದರೆ ಬೇಗ ತೆಗೆಯಿರಿ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಗುಳ್ಳೆ ದೊಡ್ಡದಾಗಿ ಬಂದರೆ, ಮುಖ ಅಥವಾ ಕೈಗೆ ಆಗಿದ್ದರೆ ವೈದ್ಯರಿಗೆ ತೋರಿಸಿ. ಮಗ ಇನ್ನೂ ಚಿಕ್ಕವನು, ಕೆಲಸ ಮಾಡುತ್ತಾ ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಇಡೀ ದ್ರಾಕ್ಷಿ, ಇಡೀ ಬಾದಾಮಿಯಂಥದ್ದು ಅವನ ಕೈಗೆ ಸಿಗುವ ಹಾಗೆ ಇಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ.

ಮಗಳು ಒಲೆ ಹತ್ತಿರ ಮಾಡುವ ಮೊದಲ ಅಡುಗೆ ಮೊಟ್ಟೆ ಆಗಬಹುದು. ಒಡೆಯಲು ಬೋಗುಣಿಯ ಅಂಚಿಗೆ ಬಡಿಯುವುದಕ್ಕಿಂತ ಮೇಜಿನ ಮೇಲೆ ಚಪ್ಪಟೆಯಾಗಿ ತಟ್ಟುವುದು ಒಳ್ಳೆಯದು, ಚೂರು ಒಳಗೆ ಹೋಗುವುದು ಕಡಿಮೆ. ಮೊದಲು ಚಿಕ್ಕ ಬಟ್ಟಲಿಗೆ ಒಡೆದು ನೋಡಿ ಆಮೇಲೆ ದೊಡ್ಡದಕ್ಕೆ ಹಾಕಲಿ. ಚೂರು ಬಿದ್ದರೆ ಬೆರಳು ಒದ್ದೆ ಮಾಡಿಕೊಂಡು ತೆಗೆಯಲಿ. ಕದಡಿದ ಮೊಟ್ಟೆಗೆ ಉರಿ ಸಣ್ಣಗೇ ಇರಬೇಕು. 60 ಡಿಗ್ರಿ ದಾಟುತ್ತಿದ್ದ ಹಾಗೇ ಮೊಟ್ಟೆ ಗಟ್ಟಿಯಾಗಲು ಶುರುವಾಗುತ್ತದೆ, ಉರಿ ಜೋರಾದರೆ ರಬ್ಬರಿನಂತೆ ಆಗಿ ನೀರು ಬಿಡುತ್ತದೆ. ಒಂದನ್ನು ಸಣ್ಣ ಉರಿಯಲ್ಲಿ, ಒಂದನ್ನು ಜೋರು ಉರಿಯಲ್ಲಿ ಮಾಡಿ ಎರಡನ್ನೂ ತಿಂದು ನೋಡಲಿ, ಮತ್ತೆ ನೀವು ಹೇಳುವುದೇ ಬೇಡ. ಮೊಟ್ಟೆ ತಿನ್ನದ ಮನೆಯಾದರೆ ಟೊಮೆಟೊ ಸೂಪ್ ಮಾಡಿಸಿ, ಹುಳಿ ಉಪ್ಪು ಸರಿದೂಗಿಸಲು ಅದರಲ್ಲೂ ಬೇಕಾದಷ್ಟು ಕಲಿಯುವುದಿದೆ.

ಚೆಲ್ಲಾಟದ ವಿಷಯ. ಚೆಲ್ಲುತ್ತದೆ, ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಬೋಗುಣಿಯನ್ನು ಅಂಚಿರುವ ದೊಡ್ಡ ತಟ್ಟೆಯಲ್ಲಿಟ್ಟು ಕೊಡಿ, ಚೆಲ್ಲಿದ್ದು ಅಲ್ಲೇ ಇರುತ್ತದೆ. ಹಿಟ್ಟಿನ ಇಡೀ ಡಬ್ಬ ಎದುರಿಗೆ ಇಡಬೇಡಿ, ಬೇಕಾದಷ್ಟು ಮಾತ್ರ ಬಟ್ಟಲಲ್ಲಿ ಇಡಿ. ಮಗ ನಿಲ್ಲುವ ಎತ್ತರವನ್ನೂ ನೋಡಿ. ಮೇಜು ಅವನ ಎದೆ ಮಟ್ಟಕ್ಕೆ ಬಂದರೆ ಕೈ ಮೇಲೆತ್ತಿ ಕದಡಬೇಕು, ಚೆಲ್ಲದೆ ಇನ್ನೇನಾಗುತ್ತದೆ? ಅಲ್ಲಾಡದ ಸ್ಟೂಲ್ ಹಾಕಿ, ಮೇಜು ಸೊಂಟದ ಹತ್ತಿರ ಬರಲಿ. ಇಲ್ಲವೇ ನೆಲದ ಮೇಲೆ ಚಾಪೆ ಹಾಸಿ ಕೂರಿಸಿಬಿಡಿ, ಎಷ್ಟೋ ಸುಲಭ. ಒರೆಸುವುದು, ಪಾತ್ರೆ ತೊಳೆಯುವುದು ಅಡುಗೆಯ ಕೊನೆಯ ಭಾಗ ಅಂತ ಮೊದಲ ದಿನದಿಂದಲೇ ಇರಲಿ. ಚಿಕ್ಕವರಿಗೆ ನೊರೆ ನೀರಲ್ಲಿ ಪ್ಲಾಸ್ಟಿಕ್ ಬಟ್ಟಲು ತೊಳೆಯುವುದೂ ಆಟವೇ.

ಇದಕ್ಕೆಲ್ಲ ನಿಮಗೆ ಪುರುಸೊತ್ತು ಇರುವ ಹೊತ್ತು ಆರಿಸಿಕೊಳ್ಳಿ. ಎಲ್ಲರಿಗೂ ಹಸಿವಾಗಿ, ಊಟಕ್ಕೆ ಲೇಟ್ ಆಗುತ್ತಿರುವಾಗ ಮಕ್ಕಳನ್ನು ಕರೆದರೆ ಬೈಗುಳದಲ್ಲೇ ಮುಗಿಯುತ್ತದೆ. ರಜೆಯ ದಿನ ಬೆಳಿಗ್ಗೆ ಅಥವಾ ಮಧ್ಯಾಹ್ನ ಆದರೆ ಒಳ್ಳೆಯದು. ಅವರು ಮಾಡುವಾಗ ನಿಮ್ಮ ಕೈಗೂ ಒಂದು ಕೆಲಸ ಇಟ್ಟುಕೊಳ್ಳಿ, ಬೆಳ್ಳುಳ್ಳಿ ಬಿಡಿಸುವುದೋ ಏನೋ. ಸುಮ್ನೆ ನಿಂತರೆ ನಿಮ್ಮ ಕೈ ತಡೆಯುವುದಿಲ್ಲ, ಚಮಚ ಕಿತ್ತುಕೊಂಡುಬಿಡುತ್ತೀರಿ.

ಅಡುಗೆ ಕೆಟ್ಟರೆ? ಉಪ್ಪು ಜಾಸ್ತಿ ಆಗುತ್ತದೆ, ಬ್ರೆಡ್ ಕಲ್ಲಾಗುತ್ತದೆ. ಅವರಿಗೆ ಕಾಣದ ಹಾಗೆ ನೀವು ಸರಿಮಾಡಬೇಡಿ. ಮಗಳಿಗೆ ರುಚಿ ನೋಡಿಸಿ 'ಏನಾಗಿದೆ, ಏನು ಮಾಡೋಣ' ಅಂತ ಕೇಳಿ. ಸೂಪಿಗೆ ಉಪ್ಪು ಜಾಸ್ತಿಯಾದರೆ ಉಪ್ಪಿಲ್ಲದ ಟೊಮೆಟೊ, ನೀರು ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ಗಟ್ಟಿ ದಾರಿ ಅನ್ನುವುದು ಅವಳಿಗೇ ಹೊಳೆಯಬಹುದು. ಸರಿಯಾಗಲಿಲ್ಲ ಅಂದರೂ 'ಸೂಪರ್' ಅಂತ ಸುಳ್ಳು ಹೇಳಬೇಡಿ, ಮಕ್ಕಳಿಗೂ ನಾಲಿಗೆ ಇದೆ. 'ಈ ಸಲ ಈರುಳ್ಳಿ ಎಲ್ಲ ಒಂದೇ ಅಳತೆಗೆ ಹೆಚ್ಚಿದ್ದೀಯ, ಉಪ್ಪು ಮುಂದಿನ ಸಲ ಅರ್ಧ ಹಾಕೋಣ' ಅಂದರೆ ಸಾಕು. ಅವಳಿಗೊಂದು ನೋಟ್‌ಬುಕ್ ಕೊಡಿ, ಮಾಡಿದ್ದನ್ನು ತನ್ನ ಮಾತಲ್ಲಿ ಬರೆಯಲಿ, ಎಷ್ಟು ಹಾಕಿದೆ, ಏನಾಯ್ತು ಅಂತ. ಮಗ ಚಿತ್ರ ಬಿಡಿಸಲಿ. ಒಂದೆರಡು ತಿಂಗಳಾದ ಮೇಲೆ ವಾರಕ್ಕೆ ಒಂದು ಹೊತ್ತಿನ ಊಟದಲ್ಲಿ ಒಂದು ಪದಾರ್ಥ ಅವಳ ಪಾಲಿಗೆ ಬಿಡಿ. ಏನು ಮಾಡಬೇಕು ಅನ್ನುವುದನ್ನೂ ಅವಳೇ ಆರಿಸಲಿ.

ಕೊನೆಗೆ, ಐದು ನಿಮಿಷಕ್ಕೆ ಓಡಿಹೋಗುವ ನಿಮ್ಮ ಮಗ. 4 ವರ್ಷದ ಮಗು ಒಂದೇ ಕೆಲಸದಲ್ಲಿ ಹತ್ತು ನಿಮಿಷ ನಿಂತರೆ ಅದೇ ಜಾಸ್ತಿ. ಹೋಗುತ್ತೇನೆ ಅಂದರೆ ಹೋಗಲಿ ಬಿಡಿ, 'ಅರ್ಧಕ್ಕೇ ಬಿಟ್ಟೆ' ಅಂತ ಬೈಯಬೇಡಿ. ಅವನ ಕೆಲಸವನ್ನು ಎರಡು ತುಂಡು ಮಾಡಿಟ್ಟುಕೊಳ್ಳಿ, ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು. ಮೊದಲು ಸೊಪ್ಪು ಹರಿದು ಆಡಲು ಓಡಲಿ. ಎಲ್ಲ ಆದ ಮೇಲೆ ಕೂಗಿ ಕರೆಯಿರಿ, ನಿಂಬೆ ಹಿಂಡುವುದು ಅವನಿಗೇ ಇರಲಿ. ಅವನು ಬರುವ ತನಕ ಯಾರೂ ಊಟಕ್ಕೆ ಕೂರುವ ಹಾಗಿಲ್ಲ ಅಂತ ಅವನಿಗೆ ಕೇಳಿಸುವ ಹಾಗೆ ಹೇಳಿ.